ಕೇಳಿಸದ್ದನ್ನು ಖಾಲಿ ಬಿಡಿ

ಹವ್ಯಾಸಿ ರೇಡಿಯೊದವರಿಗೆ ನಾನು ಕಲಿಸುವ ನಿಯಮ ಒಂದೇ: ಕಿವಿಗೆ ಬಿದ್ದದ್ದನ್ನು ಬರೆಯಿರಿ, ಕೇಳಿಸದ್ದನ್ನು ಖಾಲಿ ಬಿಡಿ. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮಹಡಿಯಲ್ಲಿರುವ ಕ್ಲಬ್ಬಿನ ಗೋಡೆಗೆ ಅದನ್ನು ಅಂಟಿಸಿದವನೂ ನಾನೇ. ಅದರ ಕೆಳಗೇ ಕೂತು ಅದನ್ನು ಮುರಿಯುವುದು ಪ್ರತಿ ಭಾನುವಾರ ನಡೆದೇ ಇದೆ. ನಗು ಬರುತ್ತದೆ, ನಿಜ. ಆದರೆ ಕ್ಲಬ್ಬಿನ ರೇಡಿಯೊ ಸ್ಟೇಷನ್ ನಡೆಸಲು ಮೇಲಿನ ದರ್ಜೆಯ ಲೈಸೆನ್ಸ್ ಇದ್ದವರೊಬ್ಬರು ಬೇಕು. ಇರುವುದು ನನ್ನೊಬ್ಬನಿಗೆ. ನನ್ನ ಎಡಗಿವಿ ಹೋಗಿದೆ, ಬಲಗಿವಿ ಹೊರಟಿದೆ. ಇನ್ನೊಬ್ಬರು ತಯಾರಾಗದಿದ್ದರೆ ಸ್ಟೇಷನ್ ಮುಚ್ಚಬೇಕು.

ಗಂಟೆ ಹೊಡೆದಂಥ ದನಿ

ಸಿರುಗುಪ್ಪದ ರೈಸ್ ಮಿಲ್ ಸಾವ್ಕಾರರು ನಮ್ಮ ಸದಸ್ಯರು. ಒಮ್ಮೆ ದೂರದ ಯಾರೋ ರೇಡಿಯೊದಲ್ಲಿ ಗೊರಗೊರ ಸದ್ದಿನ ನಡುವೆ ಸಿಕ್ಕರು. ಸಾವ್ಕಾರರು ಮೈಕ್ ಹಿಡಿದು, "ನಿಮ್ಮ ದನಿ ಗಂಟಿ ಹೊಡದಂಗ ಕೇಳಾಕತ್ತೈತ್ರಿ" ಎಂದರು. ಮರುಕ್ಷಣ, "ಹೆಸರು, ಊರು, ಈಗ ಹೇಳಿದ್ದೆಲ್ಲಾ ಇನ್ನೊಮ್ಮೆ ಹೇಳ್ರಿ."

ಇದೇನು ಎಂದು ಕೇಳಿದೆ.

"ಕೇಳವಲ್ದು ಅಂದ್ರ ಪಾಪ, ಅಷ್ಟು ದೂರದಾಗ ಒಬ್ಬಾವ ಬ್ಯಾಸರ ಮಾಡ್ಕೊಂತಾನ್ರಿ ಸರ."

ಹಲಕುಂದಿಯ ಪೆಟ್ಟಿಗೆ

ನಮ್ಮಲ್ಲೊಂದು ಆಟವಿದೆ. ಸಿಗ್ನಲ್ ಬಿಡುವ ಪೆಟ್ಟಿಗೆಯನ್ನು ಒಬ್ಬರು ಬಚ್ಚಿಡಬೇಕು. ಉಳಿದವರು ಆಂಟೆನಾ ತಿರುಗಿಸುತ್ತ, ಸದ್ದು ಜೋರಾದ ದಿಕ್ಕು ಹಿಡಿದು ಹುಡುಕಬೇಕು. ಹಲಕುಂದಿಯ ಜಾಲಿಗಿಡದ ಬುಡದಲ್ಲಿ ಬಚ್ಚಿಟ್ಟು, ಅಲ್ಲೇ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ಕಪ್ ಕೆಳಗಿಡುವ ಮೊದಲೇ ನಮ್ಮ ಇನ್ಶೂರೆನ್ಸ್ ಏಜೆಂಟರು ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಬಂದರು. ಆಂಟೆನಾ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು.

"ಹ್ಯಾಂಗ ಸಿಕ್ತು?"

"ನೀವು ಚಾ ಇಲ್ಲದ ಕಡಿ ಹೋಗಂಗಿಲ್ರಿ. ಊರಾಗ ಚಾದಂಗಡಿ ಹುಡುಕಿದೆ, ಹಿಂದಿನ ಜಾಲಿ ಬುಡಕ್ಕ ಪೆಟ್ಟಿಗಿ ಇತ್ತು."

ಕುಕ್ಕರ್

ಮೇಲಿನ ದರ್ಜೆಗೆ ಮೋರ್ಸ್ ಬೇಕು. ಕುಯ್ ಕುಯ್ ಎನ್ನುವ ಸದ್ದು ಕೇಳಿ ಅಕ್ಷರ ಬರೆಯುವುದು. ಅಭ್ಯಾಸಕ್ಕೆಂದು ಮನೆಯಲ್ಲೇ ಒಂದು ಪಾಠ ರೆಕಾರ್ಡ್ ಮಾಡಿ ಎಲ್ಲರ ಮೊಬೈಲಿಗೂ ಕಳಿಸಿದೆ. ಸಾವ್ಕಾರರು ಒಂದಕ್ಷರ ತಪ್ಪದೆ ಬರೆಯತೊಡಗಿದರು. ನನಗೆ ಜೀವ ಬಂದಂತಾಯಿತು. ಪಕ್ಕಾ ಮಾಡಿಕೊಳ್ಳಲು ಅದೇ ಪಾಠವನ್ನು ಎದುರಿಗೇ ಕೂತು ಮೋರ್ಸ್ ಕೀಲಿಯಲ್ಲಿ ಹೊಡೆದೆ. ನಡುವಿನಲ್ಲಿ ಪೆನ್ಸಿಲ್ ನಿಂತೇಬಿಟ್ಟಿತು.

"ಯಾಕ್ರಿ?"

"ಸೀಟಿ ಬರಲಿಲ್ಲಲ್ರಿ ಸರ. ಕುಕ್ಕರ್ ಸೀಟಿ ಹೊಡದ ಮ್ಯಾಲೆ 'ಆರ್' ಬರ್ತೈತಿ. ನಾ ಸೀಟಿಗೆ ಕಾಯಾಕತ್ತೀನಿ."

ರೈಲು

ಕಲಿಯುವ ಮೂವರಲ್ಲಿ ಉಳಿದವರು ಕುರುಗೋಡಿನ ಟೀಚರಮ್ಮ. ನನ್ನ ಆಸೆಯೆಲ್ಲ ಅವರ ಮೇಲೆ. ನಾನಿಟ್ಟ ಪರೀಕ್ಷೆ ಪಾಸಾದವರನ್ನಷ್ಟೇ ಸರ್ಕಾರಿ ಪರೀಕ್ಷೆಗೆ ಕಳಿಸುವುದೆಂದು ಹೇಳಿದ್ದೆ. ಹೊಸಪೇಟೆಯ ಗೆಳೆಯ ರೇಡಿಯೊದಲ್ಲೇ ಮೋರ್ಸ್‌ನ ಹೊಸ ಪಾಠ ಕಳಿಸಿದ. ಮೂವರ ಜೊತೆ ನಾನೂ ಬರೆದೆ. 'ದಿ ಟ್ರೇನ್ ಈಸ್' ಎನ್ನುವಷ್ಟರಲ್ಲಿ ಕೆಳಗೆ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಮುಂದಿನದು ಯಾರಿಗೂ ಕೇಳಿಸಲಿಲ್ಲ. ಸಾವ್ಕಾರರು 'ಲೇಟ್' ಎಂದು ಬರೆದರು. ಏಜೆಂಟರೂ 'ಲೇಟ್'. ಹೇಳಲು ಸಂಕೋಚ, ನಾನೂ 'ಲೇಟ್'. ಟೀಚರಮ್ಮ ಜಾಗ ಬಿಟ್ಟಿದ್ದರು.

ಕೊನೆಗೆ ಗೆಳೆಯನನ್ನು ಕೇಳಿದೆ. "ಆನ್ ಟೈಮ್" ಎಂದ.

"ಯಾವ ಊರಿನ ರೈಲ್ರಿ ಅದು?" ಎಂದರು ಏಜೆಂಟರು.

ಸಾವ್ಕಾರರು ರಬ್ಬರ್ ತೆಗೆದರು, ಏಜೆಂಟರು ಕಸಿದುಕೊಂಡರು, ಅವರಾದ ಮೇಲೆ ನಾನು ಕೈ ಚಾಚಿದೆ. ಅಷ್ಟರಲ್ಲಿ ಟೀಚರಮ್ಮನ ಹಾಳೆ ಕಣ್ಣಿಗೆ ಬಿತ್ತು. ಉಳಿದದ್ದೆಲ್ಲ ಸರಿಯಿತ್ತು; ಆ ಜಾಗವೊಂದು ತುಂಬಿದರೆ ಪಾಸು. ಸ್ಟೇಷನ್ ಉಳಿಯುತ್ತದೆ.

"ಈಗ ಕೇಳಿಸಿತಲ್ಲ ಟೀಚರ್, ಬರೆದುಬಿಡ್ರಿ," ಎಂದೆ. ಗೋಡೆಯ ಕಡೆ ನೋಡಲಿಲ್ಲ.

"ಈಗ ಕೇಳಿಸ್ತ್ರಿ ಸರ. ಆಗ ಹಾರ್ನ್ ಅಷ್ಟ ಕೇಳಿಸಿದ್ದು," ಎಂದು ಪೆನ್ನಿಗೆ ಕ್ಯಾಪ್ ಹಾಕಿ, ಖಾಲಿ ಜಾಗದ ಸಮೇತ ಹಾಳೆಯನ್ನು ನನ್ನ ಕೈಗಿಟ್ಟು, ಕುರುಗೋಡು ಬಸ್ಸಿಗೆ ಹೊರಟರು.