ಟಿವಿಗೆ ಎಳೆದ ಕರೆಂಟು ನಳಕ್ಕೆ ಬಂತು!

ವೈರಿಂಗ್ ಎಂದರೆ ಮಹಾ ಏನು? ಎರಡು ತಂತಿ, ನಾಲ್ಕು ಸ್ಕ್ರೂ! ಕುಂದಗೋಳ ತಾಲೂಕಿನ ಹೈಸ್ಕೂಲುಗಳಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ, ಗೋಡೆಯ ಟಿವಿಗೆ ಕರೆಂಟು ಎಳೆಯುವುದು ಒಂದು ಕೆಲಸವೇ ಅಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಆದರೂ ಹೆಂಡತಿ ಗಿರಿಜಾ ಎಲೆಕ್ಟ್ರಿಷಿಯನ್ ಮಾಬೂಸಾಬನನ್ನು ಕರೆಸಿದಳು. ಅವನು ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಈಗ ಅವನ ತಲೆಯೂ ನರೆತಿದೆ. ಸ್ವಿಚ್ ಬೋರ್ಡ್ ಬಿಚ್ಚಿ ನೋಡಿದ.

"ಸರ, ನಿಮ್ಮ ಮನಿಗೆ ಅರ್ಥಿಂಗೇ ಇಲ್ರಿ. ಹಿತ್ತಲದಾಗ ಕುಣಿ ತೋಡಿ ಅರ್ಥ್ ಹಾಕಬೇಕ್ರಿ. ಕರೆಂಟ್ ಸೋರಿದ್ರ ತಾನ ಬಂದ್ ಆಗೋ ಟ್ರಿಪ್ ಸ್ವಿಚ್ ಬೇಕು, ಹೊಸಾ ವೈರ್ ಬೇಕು. ನಿಯಮ ಹಂಗ ಐತ್ರಿ."

"ನಿಯಮ ನನಗ ಕಲಸ್ತೀಯೇನಲೇ? ಮೂರು ಪಿನ್ನಿನ ಚಿತ್ರ ಬರಿಯಾಕ ಬರಲಿಲ್ಲಂತ ನಿನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ದೆ!"

ಅವನು ನಕ್ಕು, ಚೀಲ ಎತ್ತಿಕೊಂಡು ಹೋದ.

ಹೊಲದ ಬೋರ್ ಬತ್ತಿದ ಮೇಲೆ ಮೋಟಾರಿನ ಕೇಬಲ್ ಅಟ್ಟದಲ್ಲಿ ಬಿದ್ದಿತ್ತು. ನಮ್ಮ ಕಡೆ ಅದನ್ನು ಯಾರೂ ಎಸೆಯುವುದಿಲ್ಲ. ಬಟ್ಟೆ ಒಣಹಾಕಲೂ ಆಗುತ್ತದೆ, ಎಮ್ಮೆ ಕಟ್ಟಲೂ ಆಗುತ್ತದೆ. ಒಳಗೆ ಕೆಂಪು, ಹಳದಿ, ನೀಲಿ, ಮೂರು ತಂತಿ. ಕೆಂಪು, ನೀಲಿ ಕರೆಂಟಿಗೆ. ಹಳದಿ ಅರ್ಥಿಗೆ ಎಂದು ಶಾಸ್ತ್ರೋಕ್ತವಾಗಿ ತೀರ್ಮಾನಿಸಿ, ಸ್ವಿಚ್ ಬೋರ್ಡಿಗೆ ಕೆಂಪು, ನೀಲಿ ಎರಡನ್ನೂ ಬಿಗಿದೆ. ಇನ್ನು ಅರ್ಥಿಗೆ ಕುಣಿ ಯಾಕೆ? ಗೋಡೆಯ ಆಚೆ ನಮ್ಮ ನಳದ ಕಬ್ಬಿಣದ ಪೈಪು ನೆಟ್ಟಗೆ ಭೂಮಿಗೇ ಇಳಿದಿದೆಯಲ್ಲ! ತೂತು ಹೊಡೆದು ಒಂದು ತಂತಿ ಅದಕ್ಕೆ ಸುತ್ತಿದರೆ ಮುಗಿಯಿತು.

ಅಷ್ಟರಲ್ಲಿ ಊಟದ ಹೊತ್ತಾಯಿತು. ರೊಟ್ಟಿ, ಎಣಗಾಯಿ, ಮೇಲೊಂದು ಗಡದ್ದಾದ ನಿದ್ದೆ. ಎದ್ದು ಟಿವಿಯ ಬದಿಯ ಕೆಲಸಕ್ಕೆ ಕೂತಾಗ, ಅರ್ಥಿಗೆ ಯಾವ ಬಣ್ಣ ಎಂಬುದು ನನಗೆ ಸ್ಪಷ್ಟವಾಗಿ ನೆನಪಿತ್ತು.

ನೀಲಿ!

ಕೆಂಪು, ಹಳದಿ ಟಿವಿಯ ಸಾಕೆಟ್ಟಿಗೆ ಬಿಗಿದು, ನೀಲಿಯನ್ನು ಗೋಡೆಯಾಚೆ ಪೈಪಿಗೆ ಸುತ್ತಿ, ಸ್ವಿಚ್ ಹಾಕಿದೆ. ಟಿವಿ ಹತ್ತಲಿಲ್ಲ. ಸಹಜವಾಗಿಯೇ ತಪ್ಪು ಟಿವಿಯದು. ಅಂಗಡಿಯವನಿಗೆ ಫೋನ್ ಮಾಡಿ, "ಎಂಥಾ ಡಬ್ಬಿ ಕೊಟ್ಟೀಯಪಾ!" ಎಂದು ಝಾಡಿಸಿದೆ. ಸ್ವಿಚ್ ಆರಿಸಬೇಕು ಎಂಬುದೊಂದು ಮಾತ್ರ ಈ ವಿಜ್ಞಾನಿಗೆ ಹೊಳೆಯಲಿಲ್ಲ.

ನಮ್ಮ ಓಣಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ, ಅದೂ ಒಂದೇ ತಾಸು. ಅದು ಅವತ್ತೇ ಸಂಜೆ ಬರಬೇಕೇ! ನಮ್ಮ ನಳಕ್ಕೆ ಅಕ್ಕಪಕ್ಕದ ನಾಲ್ಕು ಮನೆಯವರು ಬರುತ್ತಾರೆ. ಮೊದಲು ಬಂದವರು ಬಾಜು ಮನೆಯ ಫಾತಿಮಾಬಿ. ನಳ ತಿರುಗಿಸಲು ಕೈ ಹಚ್ಚಿದರು.

"ಯಾ ಅಲ್ಲಾ!"

ಕೊಡ ಆ ಕಡೆ, ಫಾತಿಮಾಬಿ ಈ ಕಡೆ!

ಓಡಿಹೋಗಿ ಮೇನ್ ಆರಿಸಿದೆ. ಪುಣ್ಯಕ್ಕೆ ಅವರ ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದವು, ಕೈ ಜುಮ್ಮೆಂದದ್ದಷ್ಟೇ. ಇಲ್ಲದಿದ್ದರೆ?

"ಕರೆಂಟ್ ತಗದೀನ್ರಿ, ಈಗ ನೀರ ಹಿಡೀರಿ" ಎಂದೆ.

"ನೀವು ತಗದದ್ದು ಯಾರಿಗೆ ನಂಬಿಕಿ ಐತ್ರಿ?" ಎಂದಳು ಗಿರಿಜಾ. ಅದೂ ಇಡೀ ಓಣಿಯ ಮುಂದೆ!

ಅವಳು ಮತ್ತೆ ಕರೆಸಿದ ಮಾಬೂಸಾಬ ಬರುವವರೆಗೆ ಒಬ್ಬರೂ ನಳ ಮುಟ್ಟಲಿಲ್ಲ. ಅವನು ಬಂದಾಗ ನೀರು ನಿಂತಿತ್ತು. ಐದು ಮನೆಗೆ ಎಂಟು ದಿನದ ನೀರು ಹೋಯಿತು. ಖಾಲಿ ಕೊಡಗಳೆಲ್ಲ ನನ್ನನ್ನೇ ನೋಡುತ್ತಿದ್ದವು.

"ಸರ, ಕಬ್ಬಿಣ ಬರೇ ಮ್ಯಾಲ ಎರಡ ಫೂಟ್ ಐತ್ರಿ, ಕೆಳಗೆಲ್ಲಾ ಪ್ಲಾಸ್ಟಿಕ್ ಪೈಪ. ಬೋರ್ಡಿನಾಗ ಜೀವಂತ ಕರೆಂಟ್ ಕೊಟ್ಟದ್ದು ನೀಲಿಗೆ, ಅದನ್ನ ಅರ್ಥ್ ಅಂತ ಇದಕ್ಕ ಸುತ್ತೀರಿ!" ಎಂದು ಮಾಬೂಸಾಬ ನೀಲಿ ತಂತಿ ಬಿಚ್ಚಿದ. ಆಮೇಲೆ ಮೆತ್ತಗೆ ಸೇರಿಸಿದ: "ನೀವು ನನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ದು ಚಲೋ ಆತ್ರಿ. ಅಲ್ಲಿಂದ ಕರಿಹಲಗಿ ಮ್ಯಾಲಿನ ಆ ಮೂರು ಪಿನ್ನಿನ ಚಿತ್ರ ಅಗದಿ ಸ್ವಚ್ಛ ಕಾಣತಿತ್ತು."

ಈಗ ಹಿತ್ತಲಲ್ಲಿ ಕುಣಿ ಇದೆ, ಬೋರ್ಡಿನಲ್ಲಿ ಟ್ರಿಪ್ ಸ್ವಿಚ್ ಇದೆ, ಗೋಡೆಯ ಮೇಲೆ ಟಿವಿ ಚೆನ್ನಾಗಿ ಹಾಡುತ್ತದೆ. ನೀರು ಬಂದ ದಿನ ಮಾತ್ರ ಅದನ್ನು ನೋಡಲು ನನಗೆ ಪುರುಸೊತ್ತಿಲ್ಲ. ಮೊದಲು ನಾನು ನಳ ಮುಟ್ಟಿ ತೋರಿಸದೆ ಓಣಿಯಲ್ಲಿ ಒಬ್ಬರೂ ಕೊಡ ಇಡುವುದಿಲ್ಲ. ಇಪ್ಪತ್ತೆಂಟು ವರ್ಷದ ಸೇವೆಯ ನಂತರ ನನಗೆ ಸಿಕ್ಕ ಬಡ್ತಿ ಇದು! ಮೊನ್ನೆಯೂ ಎಲ್ಲರೂ ಸಾಲಾಗಿ ನಿಂತಿದ್ದರು. ನಾನು ಗಂಭೀರವಾಗಿ ಕೈ ಚಾಚಿದೆ.

"ಹಂಗಲ್ರಿ ಸರ," ಎಂದರು ಫಾತಿಮಾಬಿ, "ಚಪ್ಪಲಿ ಬಿಚ್ಚಿ ಮುಟ್ರಿ!"