ತಡವಾಗಿ ಅರಳಿದವನ ಪ್ರಮೋಷನ್

ನಿವೃತ್ತನಾದ ಮೇಲೆ ನನಗೆ ಸಿಕ್ಕಿರುವ ದೊಡ್ಡ ಸುಖವೆಂದರೆ, ಅಂದು ಹೊಟ್ಟೆ ಉರಿಸಿದ ಸಂಗತಿಗಳನ್ನೇ ಇಂದು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುವುದು. ಪ್ರಮೋಷನ್‌ಗೆ ಕಾಯುತ್ತ ಕೂತವನನ್ನು ಇಂಥವು ಹುಡುಕಿಕೊಂಡು ಬರುತ್ತವೆ, ನಂಬಿ.

ಲೇಟ್ ಬ್ಲೂಮರ್

ಕೋಲ್ಕತ್ತಾದ ಬಿಬಿಡಿ ಬಾಗ್‌ನಲ್ಲಿ ನಮ್ಮ ಕಚೇರಿ. ನಾನು ಮೈಸೂರಿನ ಕಡೆಯವನು, ಆ ಕಚೇರಿಯಲ್ಲಿ ಹಿರಿಯ ಗುಮಾಸ್ತ. ನಮ್ಮ ಬಂಗಾಳಿ ಸಾಹೇಬರಿಗೆ ಹೂವಿನ ಹುಚ್ಚು. ಪ್ರಮೋಷನ್ ಸಂದರ್ಶನದಲ್ಲಿ ನನ್ನ ಫೈಲು ಮುಚ್ಚಿ, ಮಹಾಶಯರೇ ಎನ್ನುವ ಬಂಗಾಳಿ ಧಾಟಿಯಲ್ಲಿ, "ಮೊಶಾಯ್, ನೀವು ಲೇಟ್ ಬ್ಲೂಮರ್. ಡೇಲಿಯಾ ನೋಡಿ, ಚಳಿಗಾಲದವರೆಗೆ ಕಾಯುತ್ತೆ, ಆಮೇಲೆ ತಟ್ಟೆಯಷ್ಟಗಲ ಅರಳುತ್ತೆ!" ಎಂದರು.

ನಾನು ಉಬ್ಬಿಹೋದೆ. ಎಸ್ಪ್ಲನೇಡ್‌ನಲ್ಲಿ ಇಳಿದು ಸಂದೇಶ್ ಮಿಠಾಯಿ ಕಟ್ಟಿಸಿಕೊಂಡೇ ಮನೆಗೆ ಹೋದೆ. ಹೆಂಡತಿ ಪೊಟ್ಟಣ ಬಿಚ್ಚುತ್ತ ಎಲ್ಲ ಕೇಳಿಸಿಕೊಂಡಳು.

"ಅಲ್ರೀ, ತಡವಾಗಿ ಅರಳ್ತೀರಿ ಅಂದ್ರೆ ಈ ವರ್ಷವೂ ಇಲ್ಲ ಅಂತ ತಾನೇ? ಸಿಹಿ ಯಾತಕ್ಕೆ ತಂದ್ರಿ?"

ಚಿವುಟುವ ಕಲೆ

ಒಂದು ಭಾನುವಾರ ಸಾಹೇಬರು ಸದರ್ನ್ ಅವೆನ್ಯೂವಿನ ತಮ್ಮ ಮನೆಗೆ ಕರೆದರು. ತಾರಸಿಯ ತುಂಬ ಸೇವಂತಿಗೆ ಕುಂಡಗಳು. ಮಾತಾಡುತ್ತಲೇ ಅವರು ಒಳ್ಳೊಳ್ಳೆಯ ಮೊಗ್ಗುಗಳನ್ನು ಚಿವುಟಿ ಎಸೆಯುತ್ತಿದ್ದರು.

"ಅಯ್ಯೋ, ಯಾಕೆ ಸಾರ್?"

"ಒಂದು ಗಿಡಕ್ಕೆ ಒಂದೇ ಹೂವು. ಉಳಿದವು ಸುಮ್ಮನೆ ಸಾರ ಹೀರ್ತವೆ. ಹೀಗೆ ಮಾಡಿದರೇನೇ ಪ್ರದರ್ಶನದಲ್ಲಿ ಬಹುಮಾನ."

"ಇವುಗಳ ತಪ್ಪೇನು?"

"ತಪ್ಪೇನಿಲ್ಲ. ಪಕ್ಕದಲ್ಲಿ ಹುಟ್ಟಿದವು, ಅಷ್ಟೇ."

ಮರುದಿನ ನೋಟಿಸ್ ಬೋರ್ಡಿನಲ್ಲಿ ಸುದ್ದಿ: ನಮ್ಮ ಸೆಕ್ಷನ್ನಿನ ಒಂದೇ ಒಂದು ಆಫೀಸರ್ ಹುದ್ದೆ, ಕಂಪ್ಯೂಟರ್ ಕಲಿತು ಬಂದ ಹೊಸ ಹುಡುಗನಿಗೆ. ಓದುತ್ತಿದ್ದಂತೆ ನನ್ನ ಕೈ ತಾನಾಗಿ ಹೋಗಿ ಕತ್ತು ಇದೆಯೇ ಎಂದು ಮುಟ್ಟಿ ನೋಡಿತು.

ಕುಂಡದಲ್ಲಿ ಭವಿಷ್ಯ

ಆಗ ಎಲ್ಲೆಲ್ಲೂ ಐಟಿ ಗಾಳಿ. ನಮಗೂ ಕಂಪ್ಯೂಟರ್ ಕಲಿಸಲು ಐಟಿ ಕಂಪನಿಗಳ ಬಡಾವಣೆ ಸೆಕ್ಟರ್ ಫೈವ್‌ನಿಂದ ಟೈ ಕಟ್ಟಿದ ತರಬೇತುದಾರರೊಬ್ಬರು ಬಂದರು. ಒಬ್ಬೊಬ್ಬರಿಗೂ ಒಂದೊಂದು ಹೂಕುಂಡ ಕೊಟ್ಟು, "ಇದು ಅರಳಿದಂತೆ ನೀವೂ ಅರಳಬೇಕು" ಎಂದರು. ಕೊನೆಗೆ ಗಿಡ ನೋಡಿ ಅಂಕವಂತೆ, ಆ ಅಂಕ ಪ್ರಮೋಷನ್‌ಗೂ ಸೇರುತ್ತದಂತೆ!

ಮಗುವಿನಂತೆ ಸಾಕಿದೆ. ಕಂಪ್ಯೂಟರ್‌ಗಳಿಗೆಂದು ಹಾಕಿದ ಏಸಿಯ ಚಳಿಗೆ ನನ್ನ ಗಿಡ ಎಲೆಯುದುರಿ ಕಡ್ಡಿಯಾಯಿತು. ಹೊಸ ಆಫೀಸರನದು ಮಾತ್ರ ಕೆಂಪಗೆ ನಗುತ್ತಿತ್ತು. ಬಹುಮಾನ ಕೊಡುವಾಗ ಹುಡುಗ ಸಂಕೋಚದಿಂದ, "ಸಾರ್, ನಿಜದ್ದು ಸತ್ತುಹೋಯ್ತು. ಇದು ಪ್ಲಾಸ್ಟಿಕ್" ಎಂದ.

ತರಬೇತುದಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ನೋಡಿದಿರಾ? ಸಮಸ್ಯೆ ಬಗೆಹರಿಸೋದು ಅಂದ್ರೆ ಇದು!"

ಅರಳಿದ ದಿನ

ಅಂಥ ಹುಡುಗನೂ ನಮ್ಮಲ್ಲಿ ನಿಲ್ಲಲಿಲ್ಲ, ಸೆಕ್ಟರ್ ಫೈವ್‌ನ ಕಂಪನಿಯೊಂದಕ್ಕೆ ಹಾರಿದ. ಕುರ್ಚಿ ಖಾಲಿಯಾಯಿತು. ನಾನು ಕಾದೆ. ತಿಂಗಳುಗಳು ಉರುಳಿ ನನ್ನ ನಿವೃತ್ತಿಯ ದಿನವೇ ಬಂತು. ಅಂದು ಊಟವಾದ ಮೇಲೆ ಸಾಹೇಬರು ಏದುಸಿರು ಬಿಡುತ್ತ ಬಂದರು.

"ಮೊಶಾಯ್, ಅರಳಿಬಿಟ್ಟಿರಿ! ಆರ್ಡರ್ ಬಂತು. ಈ ಗಳಿಗೆಯಿಂದ ನೀವು ಸೆಕ್ಷನ್ ಆಫೀಸರ್!"

ಕೈಹಿಡಿದು ಕರೆದೊಯ್ದು ಆ ಕುರ್ಚಿಯಲ್ಲೇ ಕೂರಿಸಿದರು. ಮೇಜಿನ ಮೇಲೆ ಕರೆಗಂಟೆ. ಒತ್ತಿದೆ. ಜವಾನ ನಿಜವಾಗಿಯೂ ಬಂದ! "ಚಹಾ ತಗೊಂಡು ಬಾಪ್ಪ" ಎಂದೆ, ದನಿ ದಪ್ಪ ಮಾಡಿ.

"ತರ್ತೀನಿ ಸಾರ್. ಮೊದಲು ಇದಕ್ಕೊಂದು ಸಹಿ. ಆಫೀಸರಿಲ್ಲದೆ ಬೆಳಗಿನಿಂದ ನಿಂತುಬಿಟ್ಟಿದೆ. ಇವತ್ತು ರಿಟೈರ್ ಆಗೋ ಗುಮಾಸ್ತರನ್ನ ಕೆಲಸದಿಂದ ಬಿಡುಗಡೆ ಮಾಡೋ ಕಾಗದ."

"ಯಾರದಪ್ಪಾ?"

"ನಿಮ್ಮದೇ, ಸಾರ್."

ವರ್ಷಗಟ್ಟಲೆ ಅಭ್ಯಾಸ ಮಾಡಿಟ್ಟುಕೊಂಡಿದ್ದ ಆಫೀಸರ್ ಸಹಿಯನ್ನು ಉದ್ದಕ್ಕೆ ಎಳೆದು ಹಾಕಿದೆ. ಆಫೀಸರಾಗಿ ನಾನು ಮನೆಗೆ ಕಳಿಸಿದ್ದು ಆ ಒಬ್ಬ ನೌಕರನನ್ನೇ. ಪಾಪ, ಒಳ್ಳೆಯ ಮನುಷ್ಯ. ಚಹಾಕ್ಕೂ ಕಾಯದೆ ಹೋದ.