ಬಾಡಿ ಇಲ್ಲದ ಗಾಡಿ

ನಾನು ಮೆಲ್ಕಾರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡವ. ಕೂತಲ್ಲಿಂದ ಏಳದೆ ಬದುಕುವ ಕಸುಬು. ಆದರೆ ಒಬ್ಬ ಗೆಳೆಯ ಇದ್ದರೆ ಸಾಕು, ತಲೆಬುಡ ತಿಳಿಯದ ಪ್ರಸಂಗಗಳು ಅಂಗಡಿಯ ಬಾಗಿಲಿಗೇ ಬರುತ್ತವೆ.

ಈ ಗೆಳೆಯ ದುಬೈಯಲ್ಲಿ ಪ್ರವಾಸಿಗರನ್ನು ಬಗ್ಗಿ ಎಂಬ ಮರಳುಗಾಡಿನ ಗಾಡಿಯಲ್ಲಿ ಕೂರಿಸಿ ಮರಳುಗುಡ್ಡ ಹತ್ತಿಸಿ ಇಳಿಸುತ್ತಿದ್ದ. ಈ ಸಲ ರಜೆಗೆ ಬಂದವನು ಊರಲ್ಲೇ ಬಾಡಿಗೆಗೆ ಬಿಡುವ ಅಂದಾಜಿನಲ್ಲಿ ಎರಡು ಹೊಸ ಬಗ್ಗಿ ತರಿಸಿದ. ಅವನ ಹೆಂಡತಿಯ ಮಾತು ಒಂದೇ: ವೀಸಾ ಮುಗಿಯುವುದರೊಳಗೆ ಇದಕ್ಕೆ ಜನ ಬರುತ್ತಾರೆ ಅಂತ ತೋರಿಸಿದರೆ ಊರಲ್ಲಿರಬಹುದು, ಇಲ್ಲದಿದ್ದರೆ ಮತ್ತೆ ವಿಮಾನ. ಅವನಿಗೆ ಹೋಗುವ ಮನಸ್ಸು ಸುತರಾಂ ಇರಲಿಲ್ಲ. ನನಗೂ ಅವನನ್ನು ಕಳಿಸುವ ಮನಸ್ಸಿರಲಿಲ್ಲ.

೧. ಮೆಲ್ಕಾರಿನಲ್ಲಿ

ಲಾರಿಯಿಂದ ಇಳಿದ ಬಗ್ಗಿಗಳು ನನ್ನ ಅಂಗಡಿಯೆದುರು ನಿಂತವು. ನಾಲ್ಕು ಚಕ್ರ, ಎರಡು ಸೀಟು, ಸುತ್ತ ಕಬ್ಬಿಣದ ಪೈಪು, ಅಷ್ಟೆ. ಪಕ್ಕದ ಬೀಡಾ ಅಂಗಡಿಯ ಕಾಕ ಒಂದು ಸುತ್ತು ಬಂದು ನೋಡಿದರು.

"ಚಾಸಿಸ್ ಮಾತ್ರ ಬಂದದ್ದಾ? ಬಾಡಿ ಎಲ್ಲಿ ಕಟ್ಟಿಸ್ತೀ?"

"ಇದಕ್ಕೆ ಬಾಡಿ ಇಲ್ಲ ಕಾಕ, ಹೀಗೇ ಇರುವುದು" ಅಂದ ಗೆಳೆಯ.

"ಮಳೆ ಬಂದರೆ?"

"ಒದ್ದೆಯಾಗುವುದು."

"ಜನ ಬಾಡಿಗೆ ಕೊಟ್ಟು ಒದ್ದೆಯಾಗುವುದಾ?"

"ಹೌದು. ಕೆಸರೂ ಹಾರ್ತದೆ."

ಕಾಕ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು, "ಮೂಡುಬಿದಿರೆಯಲ್ಲಿ ಬಾಡಿ ಕಟ್ಟುವವರು ಇದ್ದಾರೆ. ಮೊದಲು ಇವನನ್ನು ಡಾಕ್ಟರಿಗೆ ತೋರಿಸು. ದುಬೈಯ ಬಿಸಿಲು ಎಲ್ಲರಿಗೂ ಆಗಿ ಬರುವುದಿಲ್ಲ."

೨. ನರಿಕೊಂಬಿನಲ್ಲಿ

ಬಗ್ಗಿಗೆ ಮರಳು ಬೇಕಲ್ಲ, ನರಿಕೊಂಬಿನ ಹೊಳೆಬದಿಯಲ್ಲಿ ಜಾಗ ನೋಡಲು ಹೋದೆವು. ನಾವು ಮರಳನ್ನು ಕಾಲಲ್ಲಿ ಒತ್ತಿ ನೋಡುತ್ತಿದ್ದಾಗ ಒಬ್ಬರು ಹಿರಿಯರು ಬಂದರು.

"ಮರಳು ತೆಗೆಯಲಿಕ್ಕಾ?"

"ಅಲ್ಲ, ಮರಳಿನ ಮೇಲೆ ಗಾಡಿ ಓಡಿಸ್ಲಿಕ್ಕೆ" ಅಂದೆ.

"ಓಡಿಸಿ ಎಲ್ಲಿಗೆ ಹೋಗುವುದು?"

"ಎಲ್ಲಿಗೂ ಇಲ್ಲ. ಆ ತುದಿಗೆ ಹೋಗಿ ಈ ತುದಿಗೆ ಬರುವುದು."

ಹೇಳುವಾಗ ನನಗೇ ಅನುಮಾನ ಬಂತು. ಹಿರಿಯರು ಹತ್ತಿರ ಬಂದು ಆಚೀಚೆ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಮರಳು ತೆಗೆಯುವವರೆಲ್ಲ ಮೊದಲಿಗೆ ಹೀಗೆಯೇ ಹೇಳುವುದು. ನಮ್ಮ ಬಚ್ಚಲು ಕಟ್ಟಲಿಕ್ಕೆ ಒಂದರ್ಧ ಲೋಡು ಬೇಕಿತ್ತು."

೩. ಮಡಂತ್ಯಾರಿನಲ್ಲಿ

ಮರಳಿನ ಆಸೆ ಬಿಟ್ಟ ಮೇಲೆ, ಕೊನೆಗೆ ಮಡಂತ್ಯಾರಿನ ಹತ್ತಿರ, ಕೆಂಪುಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಕೋರೆ ಸಿಕ್ಕಿತು. "ನಾನೇ ಕೂತು ನೋಡಿ ಹೇಳ್ತೇನೆ" ಎಂದು ಗೆಳೆಯನ ಹೆಂಡತಿಯೂ ಬಂದರು. ಅಂದೇ ತೀರ್ಮಾನ ಅಂತ ನಮಗೆ ಗೊತ್ತಾಯಿತು.

ಗೆಳೆಯ ಅವರನ್ನು ಪಕ್ಕದಲ್ಲಿ ಕೂರಿಸಿ ಜೋರಾಗಿ ಕೋರೆಗೆ ಇಳಿಸಿದ. ತಳದ ಕೆಸರಿನಲ್ಲಿ ಬಗ್ಗಿ ಹೂತುಹೋಯಿತು. ಮರುಭೂಮಿಯಲ್ಲಿ ಹೂತುಹೋದರೆ ಟಯರಿನ ಗಾಳಿ ಇಳಿಸುವುದು ಕ್ರಮವಂತೆ. ಅವನು ಇಳಿಸಿದ. ನಮ್ಮ ಜೇಡಿಮಣ್ಣಿಗೆ ಆ ಕ್ರಮ ಗೊತ್ತಿರಲಿಲ್ಲ, ಬಗ್ಗಿ ಇನ್ನೂ ಒಂದು ಗೇಣು ಇಳಿಯಿತು.

"ನೀನು ಆ ಇನ್ನೊಂದು ಗಾಡಿ ತಂದು ಎಳಿ ಮಾರಾಯ" ಅಂದ. ನಾನು ಅದನ್ನೂ ಇಳಿಸಿದೆ. ಅದೂ ಹೂತುಹೋಯಿತು.

ಜೆಸಿಬಿಗೆ ಫೋನ್ ಮಾಡದೆ ಗತಿಯಿರಲಿಲ್ಲ. ಅದು ಬಂದ ಸದ್ದಿಗೆ ಊರೇ ಕೋರೆಯ ಅಂಚಿನಲ್ಲಿ ಸಾಲಾಗಿ ನಿಂತಿತು. ಕೆಲವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಚುರುಮುರಿ ಗಾಡಿಯವನೂ ಬಂದ. ಎರಡೂ ಬಗ್ಗಿ ಮೇಲೆ ಬಂದಾಗ ಚಪ್ಪಾಳೆ ಬಿತ್ತು. "ಮುಂದಿನ ಭಾನುವಾರವೂ ಹೂತುಹೋಗ್ತದಾ? ನಮ್ಮ ಮನೆಯವರು ನೋಡ್ಲಿಲ್ಲ" ಎಂದು ಒಬ್ಬರು ಕೇಳಿಯೂ ಹೋದರು.

ಗೆಳೆಯ ತಲೆ ತಗ್ಗಿಸಿ ನಿಂತಿದ್ದ. ವಿಮಾನವೇ ಗತಿ ಎಂದು ನನಗೂ ಅನಿಸಿತು. ಅವನ ಹೆಂಡತಿ ಮುಖದ ಕೆಸರು ಒರೆಸಿಕೊಂಡು ಆ ಜನರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ನೀವು ದುಬೈಗೆ ಹೋಗುವುದು ಬೇಡ. ಇದಕ್ಕೆ ಜನ ಬರ್ತಾರೆ" ಅಂದರು. "ಈ ಎರಡನ್ನೂ ಮಾರಿ ಒಂದು ಜೆಸಿಬಿ ತೆಗೊಳ್ಳುವ."